ಡಗ್ಲಸ್ ಒಬ್ಬರೇ, ವಿಡಿಯೋ ಎರಡು

ಪರೀಕ್ಷೆಯ ಹಿಂದಿನ ರಾತ್ರಿ ಎನ್‌ಪಿಟಿಇಎಲ್ ಪಾಠಗಳನ್ನ ಎರಡು ಪಟ್ಟು ವೇಗದಲ್ಲಿ ಓಡಿಸಿ ಪಾಸಾದವರು ನಾವು. ಹಾಗಾಗಿ ವಿಡಿಯೋ ನೋಡಿ ಕಲಿಯೋದರ ಬಗ್ಗೆ ನಾಲ್ಕು ಮಾತು ಬರೆಯೋ ಹಕ್ಕು ನಮಗಿದೆ ಅಂದ್ಕೊಂಡಿದ್ದೇವೆ. ಆದರೆ ಸರ್ಕ್ಯೂಟ್ ಬೇರೆ, ಚರಿತ್ರೆ ಬೇರೆ. ಕಿರ್ಚಾಫ್ ನಿಯಮವನ್ನ ಯಾರು ಹೇಳಿಕೊಟ್ಟರೂ ಉತ್ತರ ಒಂದೇ. ದೇಶದ ಕಥೆ ಹಾಗಲ್ಲ, ಹೇಳುವವರು ಬದಲಾದರೆ ಕಥೆಯೂ ಬದಲಾಗುತ್ತೆ. ಅಮೆರಿಕದ ಶಾಲೆಗಳಲ್ಲಿ ಆಗ್ತಿರೋದೂ ಇದೇ.

ಅಲ್ಲಿ ವಿಡಿಯೋ ಪಾಠ ಹೊಸದೇನಲ್ಲ. 1970ರ ದಶಕದಲ್ಲೇ ‘ಸ್ಕೂಲ್‌ಹೌಸ್ ರಾಕ್’ ಅನ್ನೋ ಟಿವಿ ಕಾರ್ಟೂನಿನಲ್ಲಿ ಒಂದು ಮಸೂದೆ, ತಾನು ಕಾಯ್ದೆಯಾಗೋಕೆ ಪಡುವ ಪಾಡನ್ನ ಹಾಡಿ ಹೇಳ್ತಿತ್ತು. 2013ರಲ್ಲಿ ಜಾನ್ ಗ್ರೀನ್ ಯೂಟ್ಯೂಬಿನ ‘ಕ್ರ್ಯಾಶ್ ಕೋರ್ಸ್’ನಲ್ಲಿ ಅಮೆರಿಕದ ಚರಿತ್ರೆ ಶುರು ಮಾಡಿದರು. ಅವರ ಮಾತಿನ ವೇಗ ಎಷ್ಟೆಂದರೆ, ಅದನ್ನ ಎರಡು ಪಟ್ಟು ಮಾಡೋ ಧೈರ್ಯ ನಮಗೂ ಬರಲಿಲ್ಲ! ಇಷ್ಟೆಲ್ಲ ಇದ್ದೂ, 2022ರ ರಾಷ್ಟ್ರೀಯ ಪರೀಕ್ಷೆಯಲ್ಲಿ ಎಂಟನೇ ತರಗತಿಯವರಲ್ಲಿ ನಿಗದಿತ ಪ್ರಾವೀಣ್ಯ ಮಟ್ಟ ಮುಟ್ಟಿದವರು ಚರಿತ್ರೆಯಲ್ಲಿ ಶೇ. 13, ಪೌರನೀತಿಯಲ್ಲಿ ಶೇ. 22 ಮಾತ್ರ.

ಒಂದು ಉದಾಹರಣೆ ನೋಡೋಣ. ಫ್ರೆಡರಿಕ್ ಡಗ್ಲಸ್ ಗುಲಾಮರಾಗಿ ಹುಟ್ಟಿ, 1838ರಲ್ಲಿ ತಪ್ಪಿಸಿಕೊಂಡು, ದೊಡ್ಡ ವಾಗ್ಮಿಯಾಗಿ ಬೆಳೆದವರು. 2023ರಲ್ಲಿ ಫ್ಲೋರಿಡಾ ರಾಜ್ಯವು ಪ್ರೇಗರ್‌ಯು ತಯಾರಿಸಿದ ವಿಡಿಯೋಗಳನ್ನ ಶಾಲೆಗಳಲ್ಲಿ ಪೂರಕ ಪಾಠವಾಗಿ ಬಳಸಬಹುದು ಅಂತ ಒಪ್ಪಿಕೊಂಡಿತು. (ಹೆಸರಲ್ಲಿ ‘ಯು’ ಇದ್ದರೂ ಅದು ವಿಶ್ವವಿದ್ಯಾಲಯ ಅಲ್ಲ, ಬಲಪಂಥೀಯ ಮಾಧ್ಯಮ ಸಂಸ್ಥೆ.) ಅದರ ಒಂದು ಕಾರ್ಟೂನಿನಲ್ಲಿ ಒಡಹುಟ್ಟಿದವರಿಬ್ಬರು ಹಿಂದಿನ ಕಾಲಕ್ಕೆ ಹೋಗಿ ಡಗ್ಲಸ್‌ರನ್ನ ಭೇಟಿ ಮಾಡ್ತಾರೆ. ದೇಶ ಕಟ್ಟೋ ಸಲುವಾಗಿ ಹಿರಿಯರು ಗುಲಾಮಗಿರಿ ವಿಷಯದಲ್ಲಿ ರಾಜಿ ಮಾಡ್ಕೊಂಡರು ಅಂತ ಈ ಡಗ್ಲಸ್ ಸಮಾಧಾನವಾಗಿ ವಿವರಿಸ್ತಾರೆ.

ಇನ್ನೊಂದು ವಿಡಿಯೋ ಸಾರ್ವಜನಿಕ ರೇಡಿಯೋ ಎನ್‌ಪಿಆರ್ 2020ರಲ್ಲಿ ಮಾಡಿದ್ದು. ಅದರಲ್ಲಿ ಡಗ್ಲಸ್ ವಂಶದ ಐವರು ಎಳೆಯರು, ಅವರು 1852ರ ಜುಲೈ 5ರಂದು ರಾಚೆಸ್ಟರಿನಲ್ಲಿ ಮಾಡಿದ ಭಾಷಣದ ಭಾಗಗಳನ್ನ ಓದ್ತಾರೆ. ಸ್ವಾತಂತ್ರ್ಯೋತ್ಸವದ ಸಡಗರವನ್ನೇ ತರಾಟೆಗೆ ತೆಗೆದುಕೊಂಡ ಭಾಷಣ ಅದು. ಇಲ್ಲಿ ಸಮಾಧಾನದ ಮಾತೇ ಇಲ್ಲ.

ಹಾಗಾದ್ರೆ ಮೊದಲನೆಯದು ಪೂರ್ತಿ ಸುಳ್ಳಾ? ಅಷ್ಟು ಸುಲಭ ಅಲ್ಲ. ಸಂವಿಧಾನವನ್ನೇ ಗುಲಾಮಗಿರಿ ವಿರುದ್ಧದ ಅಸ್ತ್ರವಾಗಿ ಬಳಸಬಹುದು ಅಂತ ಡಗ್ಲಸ್ ನಿಜಕ್ಕೂ ವಾದಿಸಿದ್ದರು. ಅದೇ ಸಂವಿಧಾನದ ಪ್ರತಿಯನ್ನ 1854ರಲ್ಲಿ ಬಹಿರಂಗವಾಗಿ ಸುಟ್ಟ ಗ್ಯಾರಿಸನ್ ಜೊತೆ ಅವರಿಗೆ ಭಿನ್ನಾಭಿಪ್ರಾಯವೂ ಇತ್ತು. ಕಾರ್ಟೂನು ಅವರ ವಾದದ ಒಂದು ತುಂಡನ್ನ ಇಟ್ಕೊಂಡು ಸಿಟ್ಟನ್ನ ಕೈಬಿಟ್ಟಿದೆ. ಒಂದೇ ವಿಡಿಯೋ ನೋಡಿದ ಮಗುವಿಗೆ ಕೈಬಿಟ್ಟಿದ್ದೇನು ಅಂತ ಗೊತ್ತಾಗೋದಾದ್ರೂ ಹೇಗೆ?

ಇಲ್ಲೇ ಮೇಷ್ಟ್ರು ಬೇಕಾಗೋದು. ವಿಡಿಯೋ ನಿಲ್ಲಿಸಿ, 1787ರ ಮೂಲ ಸಂವಿಧಾನವನ್ನ ಪರದೆ ಮೇಲೆ ತೆರೆದು, ‘ಗುಲಾಮ’ ಅನ್ನೋ ಪದ ಹುಡುಕಿ ಅಂದರೆ ಸಾಕು. ನಾವೂ ಹುಡುಕಿದೆವು, ಒಂದೂ ಸಿಗಲಿಲ್ಲ. ಗುಲಾಮರನ್ನ ಐದರಲ್ಲಿ ಮೂರು ಪಾಲು ಅಂತ ಲೆಕ್ಕ ಹಾಕೋ ಕಡೆ ಇರೋದು ‘ಇತರ ವ್ಯಕ್ತಿಗಳು’ ಅಂತ. ಗುಲಾಮರ ಆಮದನ್ನ 1808ರ ತನಕ ನಿಷೇಧಿಸಬಾರದು ಅನ್ನೋ ಕಡೆ ‘ಅಂಥ ವ್ಯಕ್ತಿಗಳು’ ಅಂತ. ‘ಗುಲಾಮಗಿರಿ’ ಅನ್ನೋ ಪದ ಅಮೆರಿಕದ ಸಂವಿಧಾನದಲ್ಲಿ ಮೊದಲ ಸಲ ಕಾಣಿಸೋದು 1865ರ 13ನೇ ತಿದ್ದುಪಡಿಯಲ್ಲಿ, ಅದನ್ನ ರದ್ದು ಮಾಡುವಾಗ.