ಬಣವೆ ಅಳೆದು ರೊಪ್ಪ ಕಟ್ಟು: ಚಳ್ಳಕೆರೆ ಸೀಮೆಯ 120 ದಿನಗಳ ಲೆಕ್ಕ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮುರು ಕಡೆಯ ಸಣ್ಣ ಹಿಡುವಳಿದಾರರ ಮನೆಗೆ ಬೇಸಿಗೆ ಎಂದರೆ ಫೆಬ್ರುವರಿ 1ರಿಂದ ಮೇ 31ರವರೆಗೆ, ಒಟ್ಟು 120 ದಿನ. ವರ್ಷದ ವಾಡಿಕೆ ಮಳೆಯೇ 500 ಮಿ.ಮೀ. ಆಸುಪಾಸಿನಲ್ಲಿರುವ ಈ ಸೀಮೆಯಲ್ಲಿ ಆ ದಿನಗಳ ಲಾಭ-ನಷ್ಟ ಶೇಂಗಾ ಕಿತ್ತು ಬಣವೆ ಒಟ್ಟುವಾಗಲೇ ಮುಕ್ಕಾಲು ಪಾಲು ತೀರ್ಮಾನವಾಗಿರುತ್ತದೆ. ಅದು ಹೇಗೆಂದು ನೋಡಲು ಒಂದು ಮಾದರಿ ಮನೆಯನ್ನು ಇಟ್ಟುಕೊಳ್ಳೋಣ: ಐದು ಜನ, ಐದು ಎಕರೆ ಮಳೆಯಾಶ್ರಿತ ಹೊಲ (ನಾಲ್ಕು ಎಕರೆ ಶೇಂಗಾ, ಒಂದು ಎಕರೆ ಸಜ್ಜೆ), ಎರಡು ಹಸು, 20 ಕುರಿ. ಇಳುವರಿ, ಮೇವಿನ ಬೆಲೆ, ಹಾಲಿನ ದರ ಲೆಕ್ಕಕ್ಕಾಗಿ ಹಿಡಿದವು. ಸರ್ಕಾರಿ ದರಗಳು ಇದ್ದದ್ದು ಇದ್ದಂತೆ.

ನೀರು: ದಿನಕ್ಕೆ 495 ಲೀಟರ್

ಜಲಜೀವನ್ ಮಿಷನ್ ಲೆಕ್ಕದಲ್ಲಿ ತಲೆಗೆ ದಿನಕ್ಕೆ 55 ಲೀಟರ್. ಐದು ಜನಕ್ಕೆ 275 ಲೀಟರ್ ಆಯಿತು. ಬಿಸಿಲಲ್ಲಿ ಹಸುವಿಗೆ 60 ಲೀಟರ್, ಕುರಿಗೆ 5 ಲೀಟರ್ ಎಂದರೆ ದನ-ಕುರಿಗಳ ಪಾಲು 220 ಲೀಟರ್. ನಲ್ಲಿಯ ಲೆಕ್ಕ ಮನುಷ್ಯರ ತಲೆ ಎಣಿಸಿ ನಿಲ್ಲುತ್ತದೆ. ಕೊಟ್ಟಿಗೆಯ ನೀರನ್ನು ಮನೆಯವರೇ ಹೊಂದಿಸಬೇಕು. 120 ದಿನಕ್ಕೆ ಅದು 26,400 ಲೀಟರ್, 5,000 ಲೀಟರಿನ ಟ್ಯಾಂಕರ್ ಆದರೆ ಐದು ಸಾಲದು, ಆರು ಬೇಕು.

ಇಲ್ಲಿ ಕೃಷಿ ಹೊಂಡ ಕೈ ಹಿಡಿಯುತ್ತದೆ. ಮೇಲೆ 10 ಮೀಟರ್, ತಳದಲ್ಲಿ 4 ಮೀಟರ್ ಚೌಕ, 3 ಮೀಟರ್ ಆಳದ ಹೊಂಡ ತುಂಬಿದರೆ 1,56,000 ಲೀಟರ್. ತಾಡಪಾಲು ಹಾಸಿದ್ದರೆ ಇಂಗಿ ಹೋಗುವ ಭಯವಿಲ್ಲ, ಆದರೆ ಬಿಸಿಲು ಬಿಡುವುದಿಲ್ಲ. ನವೆಂಬರ್‌ನಿಂದ ಜನವರಿವರೆಗೆ ದಿನಕ್ಕೆ 4 ಮಿ.ಮೀ., ಆಮೇಲೆ 7 ಮಿ.ಮೀ. ಆವಿಯಾಗುತ್ತದೆ ಎಂದುಕೊಂಡರೆ, 100 ಚದರ ಮೀಟರ್ ಮೇಲ್ಮೈಯಿಂದ ಮೇ ಕೊನೆಗೆ 1,20,800 ಲೀಟರ್ ಹಾರಿಹೋಗುತ್ತದೆ. ಉಳಿಯುವುದು 35,200 ಲೀಟರ್. ನಾಲ್ಕರಲ್ಲಿ ಮೂರು ಪಾಲಿಗಿಂತ ಹೆಚ್ಚು ಸೂರ್ಯನ ಪಾಲಾದರೂ ದನ-ಕುರಿಗೆ ಸಾಕು. ನೀರು ಇಳಿದಂತೆ ಮೇಲ್ಮೈಯೂ ಕಿರಿದಾಗುವುದರಿಂದ ನಿಜವಾಗಿ ಇನ್ನಷ್ಟು ಉಳಿದೀತು. 2014ರಲ್ಲಿ ಶುರುವಾದ ಕೃಷಿ ಭಾಗ್ಯ ಯೋಜನೆಯಲ್ಲಿ ಇಂಥ ಹೊಂಡಕ್ಕೆ ಸಾಮಾನ್ಯ ವರ್ಗದವರಿಗೆ ಶೇ 80, ಪರಿಶಿಷ್ಟರಿಗೆ ಶೇ 90 ಸಹಾಯಧನ ಇಟ್ಟಿದ್ದರು.

ಮೇವು: 30 ಕ್ವಿಂಟಲ್

ಹಸುವೊಂದಕ್ಕೆ ದಿನಕ್ಕೆ 8 ಕೆ.ಜಿ. ಒಣಮೇವು, ಎರಡಕ್ಕೆ 16. ಕುರಿಗೆ ಬೇಕಾದ್ದು 900 ಗ್ರಾಂ. ಅರ್ಧ ಹೊಟ್ಟೆ ಬಯಲಲ್ಲಿ ತುಂಬಿದರೆ ಮನೆಯಿಂದ 450 ಗ್ರಾಂ, ಇಪ್ಪತ್ತಕ್ಕೆ 9 ಕೆ.ಜಿ. ದಿನಕ್ಕೆ 25 ಕೆ.ಜಿ.ಯಂತೆ 120 ದಿನಕ್ಕೆ 30 ಕ್ವಿಂಟಲ್.

ಮಳೆ ನೆಟ್ಟಗೆ ಬಂದ ವರ್ಷ:
- ಶೇಂಗಾ ಎಕರೆಗೆ 4 ಕ್ವಿಂಟಲ್, ಒಟ್ಟು 16 ಕ್ವಿಂಟಲ್ ಕಾಯಿ
- ಕಾಯಿಯ ಒಂದೂವರೆ ಪಟ್ಟು ಹೊಟ್ಟು: 24 ಕ್ವಿಂಟಲ್
- ಸಜ್ಜೆ ಸೊಪ್ಪೆ: 8 ಕ್ವಿಂಟಲ್
- ಬಣವೆಯಲ್ಲಿ ಒಟ್ಟು 32 ಕ್ವಿಂಟಲ್. 2 ಕ್ವಿಂಟಲ್ ಮಿಕ್ಕುತ್ತದೆ

ಬರದ ವರ್ಷ:
- ಶೇಂಗಾ ಎಕರೆಗೆ 1 ಕ್ವಿಂಟಲ್, ಒಟ್ಟು 4 ಕ್ವಿಂಟಲ್
- ಹೊಟ್ಟು 8 (ಬರದಲ್ಲಿ ಕಾಯಿಯ ಎರಡು ಪಟ್ಟು ಎಂದು ಹಿಡಿದರೆ), ಸೊಪ್ಪೆ 3, ಒಟ್ಟು 11 ಕ್ವಿಂಟಲ್
- ಕೊರತೆ 19 ಕ್ವಿಂಟಲ್

ಸಾಗಣೆ ಸೇರಿ ಕೆ.ಜಿ.ಗೆ ₹10ರಂತೆ ಕೊಂಡರೂ ₹19,000 ಬೇಕು. ಅದೇ ಹೊತ್ತಿಗೆ ಕಾಯಿ ಮಾರಿದ ದುಡ್ಡೂ ಕರಗಿರುತ್ತದೆ. 2024-25ರ ಬೆಂಬಲ ಬೆಲೆ ಕ್ವಿಂಟಲ್‌ಗೆ ₹6,783. ಅದರಂತೆ ಒಳ್ಳೆಯ ವರ್ಷ ₹1,08,528 ಕೈಸೇರಿದರೆ, ಬರದ ವರ್ಷ ₹27,132. ಅದರಲ್ಲೂ ಎಕರೆಗೆ 60 ಕೆ.ಜಿ.ಯಂತೆ ಬಿತ್ತನೆಗೆ ಹೋದ 2.4 ಕ್ವಿಂಟಲ್ ಕಾಯಿಯ ಬೆಲೆ ₹16,279 ಕಳೆದರೆ ಮಿಕ್ಕಿದ್ದು ₹10,853. ಉಳುಮೆ, ಕಳೆ, ಕೂಲಿ ಇನ್ನೂ ಕಳೆಯಬೇಕು.

ಕುರಿಯ ಅರ್ಧ ಹೊಟ್ಟೆ ಬಯಲಲ್ಲಿ ತುಂಬುತ್ತದೆ ಎಂಬ ಮಾತಿಗೂ ಬೆಲೆಯಿದೆ. ಚಳ್ಳಕೆರೆ ತಾಲ್ಲೂಕಿನ ಅಮೃತ್ ಮಹಲ್ ಕಾವಲಿನ ಸುಮಾರು 10,000 ಎಕರೆ 2009ರಿಂದೀಚೆಗೆ ಡಿಆರ್‌ಡಿಒ, ಐಐಎಸ್ಸಿ, ಇಸ್ರೊ, ಬಾರ್ಕ್ ಮುಂತಾದ ಸಂಸ್ಥೆಗಳಿಗೆ ಹಂಚಿಕೆಯಾಯಿತು. ಮೇಯುವ ಜಾಗ ಕೈತಪ್ಪಿದ ಮನೆಯಲ್ಲಿ 20 ಕುರಿಗಳ ಮೇವು 10.8 ಕ್ವಿಂಟಲ್‌ನಿಂದ 21.6ಕ್ಕೆ ಏರುತ್ತದೆ. ಮ್ಯಾಸ ಬೇಡರ ಹಟ್ಟಿಗಳಲ್ಲಿ ಇದರ ಮೇಲೆ ದೇವರ ಎತ್ತುಗಳೂ ಇವೆ. ಅವನ್ನು ಮಾರುವಂತಿಲ್ಲ, ಹಾಲಿನ ಆದಾಯಕ್ಕೆ ಸಾಕಿದವೂ ಅಲ್ಲ. ಬೇಸಿಗೆಯಲ್ಲಿ ಅವನ್ನು ಕಾಯುವ ಕಿಲಾರಿಗಳು ಭಕ್ತರ ಮುಂದೆ ಮೇವಿಗಾಗಿ ಕೈಚಾಚಬೇಕಾಗುತ್ತದೆ.

ಪರಿಹಾರ: ಎಷ್ಟು, ಯಾವಾಗ?

2023ರ ಸೆಪ್ಟೆಂಬರ್ 13ರಂದು ಸರ್ಕಾರ 195 ತಾಲ್ಲೂಕುಗಳನ್ನು ಬರಪೀಡಿತ ಎಂದಿತು. ಪಟ್ಟಿ ಬೆಳೆಯುತ್ತ 236ರಲ್ಲಿ 223ಕ್ಕೆ ಮುಟ್ಟಿತು. ಚಳ್ಳಕೆರೆ, ಮೊಳಕಾಲ್ಮುರು ಎರಡೂ ಅದರಲ್ಲಿದ್ದವು. ಮಳೆಯಾಶ್ರಿತ ಬೆಳೆಗೆ ಆಗ ಪರಿಹಾರ ಹೆಕ್ಟೇರಿಗೆ ₹8,500, ಮಿತಿ ಎರಡು ಹೆಕ್ಟೇರ್. ನಮ್ಮ ಐದು ಎಕರೆಗೆ ಸಿಗುವ ಗರಿಷ್ಠ ಮೊತ್ತ ₹17,000. ಮೇವಿನ ಕೊರತೆ ತುಂಬಲಿಕ್ಕೇ ಅದು ₹2,000 ಕಡಿಮೆ. ರಾಜ್ಯದ ಮೊದಲ ಕಂತು, ಗರಿಷ್ಠ ₹2,000, 2024ರ ಜನವರಿಯಲ್ಲಿ ಬಂತು. ಕೇಂದ್ರ ₹3,454 ಕೋಟಿ ಬಿಡುಗಡೆ ಮಾಡುವ ಹೊತ್ತಿಗೆ ಏಪ್ರಿಲ್ ಮುಗಿಯುತ್ತಿತ್ತು, ಬಣವೆ ಬುಡ ಕಂಡಾಗಿತ್ತು.

ಸರ್ಕಾರದ ಇನ್ನೊಂದು ದರ ಪಕ್ಕದಲ್ಲಿಟ್ಟು ನೋಡಿ. ಆಗಿನ ವಿಪತ್ತು ಪರಿಹಾರ ನಿಯಮದಂತೆ ಗೋಶಾಲೆಯಲ್ಲಿ ದೊಡ್ಡ ರಾಸಿಗೆ ದಿನಕ್ಕೆ ₹80, ಕುರಿ-ಮೇಕೆಗೆ ₹45. ಅದೇ ದರದಲ್ಲಿ ಈ ಮನೆಯ ಎರಡು ಹಸುವಿಗೆ 120 ದಿನಕ್ಕೆ ₹19,200, 20 ಕುರಿಗೆ ₹1,08,000. ಮನೆಯಲ್ಲೇ ಕಟ್ಟಿ ಸಾಕಿದವರಿಗೆ ಇದರಲ್ಲಿ ಒಂದು ರೂಪಾಯಿಯೂ ಇಲ್ಲ.

ಏರುವ ತಕ್ಕಡಿ

ಬೇಸಿಗೆ ಬರೀ ಕಳೆಯುವುದಿಲ್ಲ. 2024-25ರಲ್ಲಿ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ ₹349 ಇತ್ತು. ನೂರು ದಿನ ಪೂರ್ತಿ ಸಿಕ್ಕ ಮನೆಗೆ ಆಗ ₹34,900. ಗೃಹಲಕ್ಷ್ಮಿ ಯೋಜನೆಯಿಂದ ನಾಲ್ಕು ತಿಂಗಳಿಗೆ ₹8,000. ಬದುವಿನ ಮೇಲೆ ಹುಣಸೆ ಮರವಿದ್ದರೆ ಹಣ್ಣು ಬಡಿಯುವುದೂ ಈ ದಿನಗಳಲ್ಲೇ. ಮೊಳಕಾಲ್ಮುರಿನಲ್ಲಿ ಮನೆಯೊಳಗೆ ರೇಷ್ಮೆ ಸೀರೆಯ ಮಗ್ಗವಿದ್ದವರಿಗೆ ಮದುವೆಯ ಕಾಲ ಕೆಲಸ ತರುತ್ತದೆ. ಇಳಿತದ ಕಡೆ, ಎರಡೂ ಹಸು ಸೇರಿ ಸೆಕೆಗೆ ದಿನಕ್ಕೆ ಎರಡು ಲೀಟರ್ ಹಾಲು ಇಳಿಸಿದರೆ ಲೀಟರಿಗೆ ₹35ರಂತೆ ₹8,400 ಖೋತಾ. ಗೃಹಲಕ್ಷ್ಮಿ ಅಲ್ಲಿಗೆ ಹೆಚ್ಚುಕಡಿಮೆ ಸಮ. ಕುರಿ ಸತ್ತರೆ ಅನುಗ್ರಹ ಯೋಜನೆಯ ಪರಿಹಾರ ₹5,000 ಇತ್ತು, 2025ರ ಬಜೆಟ್‌ನಲ್ಲಿ ₹7,500ಕ್ಕೆ ಏರಿತು.

ಸಂಕ್ರಾಂತಿಯ ಲೆಕ್ಕ

ಬರದ ವರ್ಷದ 11 ಕ್ವಿಂಟಲ್ ಬಣವೆ 20 ಕುರಿಗಳನ್ನು (10.8 ಕ್ವಿಂಟಲ್) ದಾಟಿಸುತ್ತದೆ, ಇಲ್ಲವೇ ಒಂದು ಹಸುವನ್ನು (9.6 ಕ್ವಿಂಟಲ್). ಎರಡನ್ನೂ ದಾಟಿಸದು. ಈ ಆಯ್ಕೆಯನ್ನು ಏಪ್ರಿಲ್‌ವರೆಗೆ ಎಳೆದವರು ಎಲ್ಲರೂ ಮಾರುವ ದಿನವೇ ಸಂತೆಗೆ ಹೊಡೆದುಕೊಂಡು ಹೋಗಬೇಕಾಗುತ್ತದೆ. ಆಗ ರಾಸು ಬಡಕಲು, ಬೆಲೆಯೂ ಬಡಕಲು. ಆದ್ದರಿಂದ ಸಂಕ್ರಾಂತಿಗೆ ಬಣವೆ ಅಳೆದು, ಬಯಲು ಮೇಯುವ ಕುರಿಗೆ ಅರ್ಧ ಕ್ವಿಂಟಲಿನ ಮೇಲೆ ನಾಲ್ಕು ಕೆ.ಜಿ., ಹಸುವಿಗೆ ಹತ್ತು ಕ್ವಿಂಟಲ್ ಎಂದು ಭಾಗಿಸಬೇಕು. ಆ ಲೆಕ್ಕಕ್ಕೆ ಮೀರಿದ ತಲೆಗಳನ್ನು ಮೈತುಂಬಿಕೊಂಡಿರುವಾಗಲೇ ಮಾರಿ, ಬಂದ ದುಡ್ಡಲ್ಲಿ ಉಳಿದವಕ್ಕೆ ಮೇವು ಕೊಂಡಿಡುವುದು ಲಾಭ.