ಕಮಲಾಪುರದ ಬಾಳೆ, ಅಗ್ಗದ ಹನಿ ನೀರಾವರಿ ಮತ್ತು ವರ್ತಕರ ಬಂಡವಾಳ

ಕಲಬುರಗಿ ನಗರದಿಂದ ಹುಮನಾಬಾದ ಮಾರ್ಗದಲ್ಲಿರುವ ಕಮಲಾಪುರವು ಕೆಂಪು ಬಾಳೆಗೆ ಹೆಸರಾದುದು. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಈ ಬಾಳೆಯು ಕಟಾವಿಗೆ ಬರಲು ಸುಮಾರು ಒಂದೂವರೆ ವರ್ಷ ಬೇಕು. ಅಷ್ಟು ಕಾಲ ಕೊಳವೆಬಾವಿಯ ನೀರನ್ನು ಸಾಕಾಗಿಸುವುದು ತೊಗರಿಯ ಸೀಮೆಯಲ್ಲಿ ಸುಲಭವಲ್ಲ. ಆದುದರಿಂದ ಹನಿ ನೀರಾವರಿಯು ಬೆಳೆಗಾರನಿಗೆ ಅಗತ್ಯ. ನಗರದ ಪೈಪು-ಪಂಪು ವರ್ತಕರಿಗೆ ಅದೊಂದು ವ್ಯಾಪಾರ.

ತೊಡಕಿರುವುದು ಸಹಾಯಧನದಲ್ಲಿ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೃಷಿ ಸಿಂಚಾಯಿ ಯೋಜನೆಯು ಸಣ್ಣ ಮತ್ತು ಅತಿಸಣ್ಣ ರೈತರಿಗೆ ಘಟಕ ವೆಚ್ಚದ ಶೇ. 55ರಷ್ಟು ಸಹಾಯಧನವನ್ನು ನಿಗದಿಪಡಿಸಿತು. ಕರ್ನಾಟಕವು ತನ್ನ ಪಾಲನ್ನು ಸೇರಿಸಿ ಎರಡು ಹೆಕ್ಟೇರ್‌ವರೆಗೆ ಅದನ್ನು ಶೇ. 90ಕ್ಕೆ ಏರಿಸಿತು. ಆದರೆ ಪರಿಶೀಲನೆ ಮುಗಿದ ಮೇಲೆಯೇ ಹಣ ಬಿಡುಗಡೆ. ಉದ್ದರಿ ಕೊಟ್ಟ ವರ್ತಕನಿಗೆ ಒಂದು ಲಕ್ಷ ರೂಪಾಯಿ ಆರು ತಿಂಗಳು ಬಾಕಿ ಉಳಿದರೆ, ಶೇ. 12ರ ದರದಲ್ಲಿ ಬಡ್ಡಿಯೇ 6,000 ರೂ. ಕಡತ ನಿಂತರೂ ಬ್ಯಾಂಕಿನ ಬಡ್ಡಿ ನಿಲ್ಲದು.

ನಗದು ವ್ಯಾಪಾರಕ್ಕೆ ಒಗ್ಗುವ ಮಾರ್ಗವೂ ಇದೆ. ಮಧ್ಯಪ್ರದೇಶದ ನಿಮಾಡದ ಹತ್ತಿ ರೈತರು ಐಸ್‌ಕ್ಯಾಂಡಿ ತುಂಬುವ ತೆಳು ಪ್ಲಾಸ್ಟಿಕ್ ನಳಿಕೆಯನ್ನೇ ತೂತು ಮಾಡಿ ಹೊಲಕ್ಕೆ ಹಾಸಿದರು. ಅದು ‘ಪೆಪ್ಸಿ’ ಎಂದೇ ಪ್ರಚಲಿತವಾಯಿತು. ಒಂದು ಮೀಟರ್ ಎತ್ತರದಲ್ಲಿಟ್ಟ 200 ಲೀಟರ್ ಡ್ರಮ್ಮಿನಿಂದ, ಪಂಪಿನ ಒತ್ತಡವಿಲ್ಲದೆ ಹರಿಯುವ ಕಿಟ್‌ಗಳೂ ಬಂದವು. ನಾಲ್ಕು ತಿಂಗಳ ಬದನೆ, ಟೊಮ್ಯಾಟೊ ಬೆಳೆಗೆ ಇಷ್ಟು ಸಾಕು. ಒಂದೂವರೆ ವರ್ಷದ ಬಾಳೆಗೆ ಮಾತ್ರ ತೆಳು ನಳಿಕೆಯನ್ನು ಮಾರಬಾರದು; ಬಿಸಿಲಿಗೆ ಅದು ಬಾಳಿಕೆ ಬಾರದು. ಐ.ಎಸ್.ಐ. ಗುರುತಿಲ್ಲದ ಸರಕಿಗೆ ಸಹಾಯಧನವೂ ದೊರೆಯದೆಂಬುದನ್ನು ಗಿರಾಕಿಗೆ ಮೊದಲೇ ತಿಳಿಸುವುದು ಒಳಿತು. ಬೆಲೆ ಇಳಿಸಲೆಂದು ಫಿಲ್ಟರನ್ನು ಕೈಬಿಡುವ ರೂಢಿಯಂತೂ ಸರಿಯಲ್ಲ. ರಂಧ್ರಗಳು ಕಟ್ಟಿಕೊಂಡರೆ ದೂರು ಬರುವುದು ಅಂಗಡಿಗೇ.

ಇನ್ನು ತೆರಿಗೆ. ಹನಿ ನೀರಾವರಿ ವ್ಯವಸ್ಥೆಯ ಜಿ.ಎಸ್.ಟಿ. 2017ರಲ್ಲಿ ಶೇ. 18 ಇತ್ತು, 2018ರ ಜನವರಿಯಲ್ಲಿ ಶೇ. 12ಕ್ಕೆ, 2025ರ ಸೆಪ್ಟೆಂಬರ್ 22ರಿಂದ ಶೇ. 5ಕ್ಕೆ ಇಳಿಯಿತು. ಸಾಮಾನ್ಯ ಬಳಕೆಯ ಪಿ.ವಿ.ಸಿ. ಪೈಪು ಈ ರಿಯಾಯಿತಿಗೆ ಸೇರದು; ಅದಕ್ಕೆ ಶೇ. 18. ಲ್ಯಾಟರಲ್ ತಯಾರಿಸುವ ಸಣ್ಣ ಘಟಕವು ಪ್ಲಾಸ್ಟಿಕ್ ಹರಳಿಗೂ ಶೇ. 18 ತೆತ್ತು, ಮಾರಾಟದಲ್ಲಿ ಶೇ. 5 ಮಾತ್ರ ವಸೂಲು ಮಾಡುತ್ತದೆ. ಹೀಗೆ ಉಳಿಯುವ ಜಮೆಯನ್ನು ಕಾಯ್ದೆಯ 54(3)ನೇ ಕಲಮಿನಡಿ ಮರುಪಾವತಿ ಕೇಳಬಹುದು. ಸಾಗಣೆ, ಬಾಡಿಗೆ ಮುಂತಾದ ಸೇವೆಗಳ ಮೇಲಿನ ತೆರಿಗೆಗೆ ಈ ಸೌಲಭ್ಯವಿಲ್ಲವೆಂಬ ನಿಯಮವನ್ನು 2021ರಲ್ಲಿ ಸರ್ವೋಚ್ಚ ನ್ಯಾಯಾಲಯವು ಎತ್ತಿಹಿಡಿದಿದೆ. ಅರ್ಜಿಗೆ ಎರಡು ವರ್ಷಗಳ ಗಡುವುಂಟು.