ಬಾಳಿಕೆ ಬರುವ ಗ್ರಂಥಾಲಯ

ನಾನು ಅಧ್ಯಾಪಕನಾಗಿದ್ದ ಒಂದು ವಿಶ್ವವಿದ್ಯಾಲಯದಲ್ಲಿ ಗ್ರಂಥಾಲಯಕ್ಕೆಂದು ಹೊಸ ಕಟ್ಟಡವನ್ನು ಕಟ್ಟಿಸಿದರು. ಪಡುವಣಕ್ಕೆ ಮುಖಮಾಡಿದ ಗಾಜಿನ ಗೋಡೆ, ತೆರೆಯಲು ಬಾರದ ಕಿಟಕಿಗಳು, ಒಳಗೆಲ್ಲ ತಂಪು ಸೂಸುವ ಯಂತ್ರಗಳು. ಉದ್ಘಾಟನೆಯ ದಿನ ಒಳಹೊಕ್ಕವರೆಲ್ಲ ಬೆರಗಾದೆವು. ನಾನೂ ಬೆರಗಾದೆನೆಂದು ಒಪ್ಪಿಕೊಳ್ಳಬೇಕು. ಆಮೇಲೆ ವಿದ್ಯುತ್ತಿನ ವೆಚ್ಚಕ್ಕೆ ಅಂಜಿ ಯಂತ್ರಗಳನ್ನು ಸಂಜೆ ಐದೂವರೆಗೆ ನಿಲ್ಲಿಸುವ ಪದ್ಧತಿ ಬಂದಿತು. ಎರಡನೆಯ ಮಳೆಗಾಲ ಮುಗಿಯುವ ವೇಳೆಗೆ ಕನ್ನಡ ವಿಭಾಗದ ಹಳೆಯ ಪುಸ್ತಕಗಳ ಬೆನ್ನಿನ ಮೇಲೆ ಬೂದುಬಣ್ಣದ ಬೂಷ್ಟು ಕಾಣಿಸಿಕೊಂಡಿತು. ಅವೇ ಪುಸ್ತಕಗಳು ಹಂಚಿನ ಮಾಡಿನ ಹಳೆಯ ಕಟ್ಟಡದಲ್ಲಿ ದಶಕಗಳ ಕಾಲ ಯಾವ ಯಂತ್ರದ ಉಪಚಾರವೂ ಇಲ್ಲದೆ ಬಾಳಿದ್ದವು.

ಆದದ್ದು ಇಷ್ಟೆ. ಹಗಲೆಲ್ಲ ತಣ್ಣಗಾದ ಗೋಡೆ, ಕಪಾಟು, ಪುಸ್ತಕಗಳಿಗೆ, ಯಂತ್ರ ನಿಂತ ಬಳಿಕ, ಸಂದುಗೊಂದುಗಳಿಂದ ನುಸುಳಿದ ಹೊರಗಿನ ಒದ್ದೆ ಗಾಳಿ ಬಂದು ತಾಗುತ್ತದೆ. ತಣ್ಣೀರು ತುಂಬಿದ ತಂಬಿಗೆಯ ಹೊರಮೈ ಬೆವರುವಂತೆ ಪುಸ್ತಕವೂ ಬೆವರುತ್ತದೆ. ಗಾಳಿಯ ತೇವಾಂಶ ನೂರಕ್ಕೆ 65ನ್ನು ಮೀರಿ ಬಹುಕಾಲ ನಿಂತಿತೆಂದರೆ ಬೂಷ್ಟಿಗೆ ಹಬ್ಬ. ಅರ್ಧ ದಿನದ ತಂಪಿಗಿಂತ ಏರಿಳಿತವಿಲ್ಲದ ಹವೆ, ಓಡಾಡುವ ಗಾಳಿ ಇವು ಕಾಗದಕ್ಕೆ ಹೆಚ್ಚು ಹಿತ. ಹಂಚಿನ ಮಾಡು ಅವನ್ನು ಪುಕ್ಕಟೆಯಾಗಿ ಕೊಡುತ್ತಿತ್ತು.

ಈಚೆಗೆ ‘ಸುಸ್ಥಿರ’ ಎಂಬ ಮಾತು ಎಲ್ಲ ಯೋಜನೆಗಳ ಮೊದಲ ಪುಟದಲ್ಲಿಯೂ ಕಾಣುತ್ತದೆ. ನಮ್ಮ ಮನೆಗಳಲ್ಲಿ ಸೀರೆಯನ್ನೋ ಪಾತ್ರೆಯನ್ನೋ ಕೊಳ್ಳುವಾಗ ಕೇಳುವ ‘ಬಾಳಿಕೆ ಬರುತ್ತದೆಯೆ?’ ಎಂಬ ಪ್ರಶ್ನೆಯಲ್ಲಿ ಅದರ ಅರ್ಥವೆಲ್ಲ ಅಡಗಿದೆಯೆಂದು ನನಗೆ ತೋರುತ್ತದೆ. ವಿಶ್ವವಿದ್ಯಾಲಯದ ಗ್ರಂಥಾಲಯವನ್ನು ಕುರಿತು ನಾನು ಕೇಳಬಯಸುವುದೂ ಈ ಪ್ರಶ್ನೆಯನ್ನೇ.

ಅಂಗೈಯಲ್ಲಿ ಫೋನು ಹಿಡಿದು ಬೆಳೆದ ಪೀಳಿಗೆಗೆ ಪುಸ್ತಕದ ಕಪಾಟುಗಳೇಕೆ, ಎಲ್ಲವನ್ನೂ ಗಣಕಕ್ಕೆ ತುಂಬಿದರಾಯಿತಲ್ಲ ಎಂಬ ಆಕ್ಷೇಪ ಒಡನೆಯೇ ಬರುತ್ತದೆ. ಇದನ್ನು ವಿದ್ಯಾರ್ಥಿಗಳಿಗಿಂತ ಆಡಳಿತದವರೇ ಹೆಚ್ಚಾಗಿ ಹೇಳುತ್ತಾರೆ. ಕಪಾಟು ತೆಗೆದರೆ ಜಾಗ ಉಳಿಯುತ್ತದಷ್ಟೆ. ಅವರು ಇಂಗ್ಲೆಂಡಿನ ಒಂದು ಪ್ರಸಂಗವನ್ನು ಅರಿಯಬೇಕು. 1086ರಲ್ಲಿ ವಿಲಿಯಂ ದೊರೆಯ ಅಪ್ಪಣೆಯಂತೆ ಆ ದೇಶದ ಭೂಮಿಕಾಣಿಗಳ ಲೆಕ್ಕವನ್ನು ತೊಗಲಿನ ಹಾಳೆಗಳ ಮೇಲೆ ಬರೆದಿಟ್ಟರು. ಅದೇ ಡೂಮ್ಸ್‌ಡೇ ಪುಸ್ತಕ. ಅದರ ಒಂಬೈನೂರನೆಯ ವರ್ಷದ ನೆನಪಿಗೆ 1986ರಲ್ಲಿ ಬಿ.ಬಿ.ಸಿ.ಯವರು ಹತ್ತು ಲಕ್ಷದಷ್ಟು ಜನರ ನೆರವಿನಿಂದ ಹೊಸ ಡೂಮ್ಸ್‌ಡೇಯೊಂದನ್ನು ಸಿದ್ಧಪಡಿಸಿ ಲೇಸರ್ ತಟ್ಟೆಗಳಲ್ಲಿ ತುಂಬಿದರು. ಹದಿನಾರು ವರ್ಷಗಳಲ್ಲಿಯೇ ಆ ತಟ್ಟೆಗಳನ್ನು ಓದಬಲ್ಲ ಯಂತ್ರಗಳು ಅಪರೂಪವಾದವು. 2002ರಲ್ಲಿ ಲೀಡ್ಸ್ ಮತ್ತು ಮಿಷಿಗನ್ ವಿಶ್ವವಿದ್ಯಾಲಯಗಳ ಸಂಶೋಧಕರು ಹಳೆಯ ಯಂತ್ರದ ನಡೆಯನ್ನು ಹೊಸ ಗಣಕದಲ್ಲಿ ಅನುಕರಿಸುವ ತಂತ್ರವನ್ನು ರೂಪಿಸಿ ಅದನ್ನು ಉಳಿಸಬೇಕಾಯಿತು. ತೊಗಲಿನ ಪುಸ್ತಕವಾದರೋ ಲಂಡನ್ನಿನ ಕ್ಯೂ ಎಂಬಲ್ಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿದೆ. ಲ್ಯಾಟಿನ್ ಬಲ್ಲವರಿಗೆ ಅದನ್ನು ಓದಲು ಬೇರೆ ಯಂತ್ರ ಬೇಡ.

ಇಂಗ್ಲೆಂಡಿನ ಮಾತೇಕೆ, ಕನ್ನಡದ ಅನುಭವವೇ ಇದೆ. ಯೂನಿಕೋಡ್ ಎಂಬ ಅಂತರರಾಷ್ಟ್ರೀಯ ಸಂಕೇತ ವ್ಯವಸ್ಥೆಯಲ್ಲಿ ನಮ್ಮ ಲಿಪಿಗೆ 1991ರಲ್ಲಿಯೇ ಸ್ಥಾನ ದೊರೆಯಿತು. ಆದರೆ ಅದು ಬಳಕೆಗೆ ಬರಲು ಬಹಳ ಕಾಲ ಹಿಡಿಯಿತು. ಆ ನಡುವಣ ವರ್ಷಗಳಲ್ಲಿ ಒಂದೊಂದು ಅಕ್ಷರಶೈಲಿಯೂ ತನ್ನದೇ ಗುಟ್ಟಿನ ಸಂಕೇತಗಳನ್ನು ಬಳಸಿತು. ನನ್ನ ನಿವೃತ್ತಿಗೆ ಸ್ವಲ್ಪ ಮೊದಲು ಸಂಶೋಧನ ವಿದ್ಯಾರ್ಥಿನಿಯೊಬ್ಬಳು ಆ ಕಾಲದ ಪಿಎಚ್.ಡಿ. ಪ್ರಬಂಧವೊಂದರ ಗಣಕಪ್ರತಿಯನ್ನು ತೆರೆದಳು. ಪರದೆಯ ಮೇಲೆ ಕಂಡದ್ದು ರೋಮನ್ ಅಕ್ಷರಗಳೂ ಚಿಹ್ನೆಗಳೂ ಕಲಸಿಹೋದ ಚಿತ್ರಾನ್ನ. ಅದರ ರಟ್ಟು ಕಟ್ಟಿದ ಪ್ರತಿ ಕೆಳಗಿನ ಕಪಾಟಿನಲ್ಲಿತ್ತು. ಧೂಳು ಕೊಡವಿ ಅದನ್ನೇ ಓದಿದಳು.

ಇಷ್ಟಕ್ಕೇ ಗಣಕವನ್ನು ದೂರುವ ಹಳಬರ ಸಾಲಿನಲ್ಲಿ ನನ್ನನ್ನು ನಿಲ್ಲಿಸಬೇಡಿ. ನಾನು ಮೂರು ತಿಂಗಳು ಕಾದು ತರಿಸಿಕೊಳ್ಳುತ್ತಿದ್ದಂಥ ಲೇಖನವನ್ನು ಆಕೆ ಮೂರು ನಿಮಿಷದಲ್ಲಿ ಪಡೆಯುತ್ತಾಳೆ. ಕೇಂದ್ರ ಸರ್ಕಾರ 2024ರ ನವೆಂಬರಿನಲ್ಲಿ ಒಪ್ಪಿದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಯಲ್ಲಿ 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕೆಗಳಿವೆ. ಯಾವ ಗ್ರಂಥಾಲಯವೂ ಒಂಟಿಯಾಗಿ ಕೊಳ್ಳಲಾರದ ಸಂಪತ್ತು ಅದು. ಆದರೆ ಅದು ಚಂದಾ. ಮೊದಲಿಗೆ ಮಂಜೂರಾದ ಆರು ಸಾವಿರ ಕೋಟಿ ರೂಪಾಯಿ 2025ರಿಂದ 2027ರವರೆಗಿನ ಮೂರು ವರ್ಷಕ್ಕೆ. ನಮ್ಮ ಊರಿನ ಸಾಹಿತ್ಯ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ಆ ಪ್ರಕಾಶಕರು ಕಾಯುವವರೂ ಅಲ್ಲ.

ಇಲ್ಲಿ ಕಟ್ಟಡದ ಮಾತು ಬರುತ್ತದೆ. ಗ್ರಂಥಾಲಯದಲ್ಲಿರುವ ಒಂದೊಂದು ವಸ್ತುವಿಗೂ ಒಂದೊಂದು ಆಯುಸ್ಸು. ಗಣಕಕ್ಕೆ ಐದಾರು ವರ್ಷ, ತಂತಿಗಳಿಗೆ ಹದಿನೈದೋ ಇಪ್ಪತ್ತೋ, ಕಟ್ಟಡಕ್ಕೆ ಅರವತ್ತರ ಮೇಲೆ, ಒಳ್ಳೆಯ ಕಾಗದಕ್ಕೆ ನೂರಕ್ಕೂ ಹೆಚ್ಚು. ಅಲ್ಪಾಯುವಾದುದನ್ನು ದೀರ್ಘಾಯುವಿನ ಮೈಯೊಳಗೆ ಹೂಳಿಬಿಟ್ಟರೆ ಮೊದಲನೆಯದು ಸತ್ತಾಗ ಎರಡನೆಯದನ್ನು ಸೀಳಬೇಕಾಗುತ್ತದೆ. ತಂತಿಗಳನ್ನು ಕಾಂಕ್ರೀಟಿನಲ್ಲಿ ಹುಗಿಯದೆ, ಮುಚ್ಚಳ ತೆಗೆದು ಕೈಹಾಕಬಹುದಾದ ಕಾಲುವೆಗಳಲ್ಲಿ ಹಾಯಿಸುವುದು ಸಣ್ಣ ವಿಷಯವೆಂದು ಕಾಣಬಹುದು. ನೆಲವನ್ನು ಎರಡು ಸಲ ಅಗೆದದ್ದನ್ನು ಕಂಡ ನನಗೆ ಹಾಗೆ ಕಾಣುವುದಿಲ್ಲ.

ತಂತಿಯಂತೆಯೇ ತಂಪಿನ ಯಂತ್ರವೂ ಅಲ್ಪಾಯು. ಅದು ನಿಂತ ದಿನವೂ ಕಟ್ಟಡ ಉಸಿರಾಡುತ್ತಿರಬೇಕು. ಹೊಸ ಕಾಲದ ಕಟ್ಟಡಗಳಲ್ಲಿ ಇದಕ್ಕೆ ಒಳ್ಳೆಯ ನಿದರ್ಶನ ಬರ್ಲಿನ್ನಿನ ಫ್ರೀ ಯೂನಿವರ್ಸಿಟಿಯ ಭಾಷಾಸಾಹಿತ್ಯ ಗ್ರಂಥಾಲಯ. ನಾರ್ಮನ್ ಫಾಸ್ಟರ್ ಅವರ ಸಂಸ್ಥೆ ವಿನ್ಯಾಸಗೊಳಿಸಿದ ಈ ಕಟ್ಟಡ 2005ರಲ್ಲಿ ತೆರೆಯಿತು. ನಾನು ಅದನ್ನು ನಕ್ಷೆ, ಚಿತ್ರಗಳಲ್ಲಷ್ಟೇ ನೋಡಿದ್ದೇನೆ. ದುಂಡನೆಯ ಗುಳ್ಳೆಯಂಥ ಅದರ ಆಕಾರವನ್ನು ಕಂಡು ಜನ ‘ಬರ್ಲಿನ್ನಿನ ಮಿದುಳು’ ಎಂದು ಹೆಸರಿಟ್ಟಿದ್ದಾರೆ. ಅದಕ್ಕೆ ಎರಡು ತೊಗಲು: ಹೊರಗೆ ಅಲ್ಯೂಮಿನಿಯಂ ಮತ್ತು ಗಾಜಿನ ಹಲಗೆಗಳು, ಒಳಗೆ ಬೆಳಕನ್ನು ಸೋಸುವ ಗಾಜುನಾರಿನ ಬಟ್ಟೆ. ಎರಡರ ನಡುವೆ ಗಾಳಿ ಚಲಿಸುತ್ತದೆ. ವರ್ಷದ ಬಹುಭಾಗ ಯಂತ್ರದ ಹಂಗಿಲ್ಲದೆಯೇ ಒಳಗೆ ಹವೆ ಹಸನಾಗಿರುತ್ತದೆ. ಕಪಾಟುಗಳು ನಡುವೆ, ಓದುವ ಮೇಜುಗಳು ಅಂಚಿನಲ್ಲಿ. ಪುಸ್ತಕಕ್ಕೆ ನೆರಳು, ಓದುಗನಿಗೆ ಬೆಳಕು. ತನ್ನ ಗಣಕವನ್ನು ತಾನೇ ಹೊತ್ತು ತರುವ ವಿದ್ಯಾರ್ಥಿಗೂ ಅದೇ ಮೇಜು.

ಆ ಗುಳ್ಳೆಯನ್ನು ಹಾಗೆಯೇ ತಂದು ರಾಯಚೂರಿನಲ್ಲಿ ಇಟ್ಟರೆ ಒಲೆಯಾದೀತು. ಚಳಿಯ ನಾಡಿನವರಿಗೆ ಬಿಸಿಲನ್ನು ಒಳಗೆ ಕರೆಯುವ ಆಸೆ; ನಮಗೆ ಅದನ್ನು ಹೊಸ್ತಿಲಾಚೆ ನಿಲ್ಲಿಸುವ ಚಿಂತೆ. ಕರ್ನಾಟಕವೆಲ್ಲವೂ ಕರ್ಕಾಟಕ ವೃತ್ತದ ತೆಂಕಣಕ್ಕಿರುವುದರಿಂದ ವರ್ಷಕ್ಕೆ ಎರಡು ಬಾರಿ ಸೂರ್ಯ ನೆತ್ತಿಯ ಮೇಲೆಯೇ ಹಾದುಹೋಗುತ್ತಾನೆ. ಬಡಗು ತೆಂಕಲಿನ ಕಿಟಕಿಗಳಿಗೆ ಬೀಳುವ ನಡುಹಗಲಿನ ಬಿಸಿಲನ್ನು ಸಾಧಾರಣ ಸಜ್ಜವೊಂದು ತಡೆದೀತು. ಮೂಡು ಪಡುವಣದಿಂದ ಓರೆಯಾಗಿ ಬರುವ ಬಿಸಿಲು ಸಜ್ಜದ ಅಡಿಯಲ್ಲಿಯೇ ನುಗ್ಗುತ್ತದೆ. ಆದುದರಿಂದ ಕಟ್ಟಡದ ಉದ್ದ ಮೂಡುಪಡುವಲಾಗಿರಬೇಕು, ಕಿರಿದಾದ ಪಕ್ಕಗಳು ಮಾತ್ರ ಆ ಬಿಸಿಲಿಗೆ ಒಡ್ಡಿರಬೇಕು. ಕಪಾಟುಗಳ ಸಾಲು ಕಿಟಕಿಯ ಗೋಡೆಗೆ ಅಡ್ಡಲಾಗಿ ನಿಂತರೆ ಬೆಳಕು ಸಾಲುಗಳ ನಡುವಣ ಓಣಿಯಲ್ಲಿ ಬೀಳುತ್ತದೆ. ಗಾಳಿಗೂ ಅದೇ ದಾರಿ. ಛಾವಣಿಯ ಮಳೆನೀರು, ಸೌರಫಲಕಗಳು ಇವುಗಳ ವಿಷಯ ಈಗ ಎಲ್ಲರಿಗೂ ಗೊತ್ತು.

ಭಾರದ ಸಂಗತಿ ಅಷ್ಟಾಗಿ ಗೊತ್ತಿಲ್ಲ. ತರಗತಿಯ ಕೋಣೆಯ ನೆಲ ಚದರ ಮೀಟರಿಗೆ ಸುಮಾರು 300 ಕಿಲೋ ಹೊರಬಲ್ಲಂತಿರಬೇಕೆಂದೂ ಪುಸ್ತಕದ ಕಪಾಟುಗಳಿರುವ ನೆಲ 600 ಕಿಲೋ ಹೊರಬೇಕೆಂದೂ ಕಟ್ಟಡಗಳ ಭಾರವನ್ನು ಕುರಿತ ಭಾರತೀಯ ಮಾನಕದಲ್ಲಿ ವಿಧಿಸಿದೆ. ಕಪಾಟು ಎತ್ತರವಾದಂತೆ ಭಾರ ಇನ್ನೂ ಏರುತ್ತದೆ. ಕಪಾಟಿಗೆಂದು ಕಟ್ಟಿದ ನೆಲದ ಮೇಲೆ ಮುಂದೆ ಮೇಜು ಹಾಕಬಹುದು, ಗಣಕ ಇಡಬಹುದು, ಬೇಕಾದರೆ ನಾಟಕ ಆಡಬಹುದು. ಮೇಜಿಗೆಂದು ಕಟ್ಟಿದ ನೆಲದ ಮೇಲೆ ಕಪಾಟು ನಿಲ್ಲಿಸಲಾಗದು. ‘ಇನ್ನು ಪುಸ್ತಕ ಬೆಳೆಯುವುದಿಲ್ಲ’ ಎಂದು ಹಗುರವಾದ ನೆಲ ಕಟ್ಟುವವರು ಮೊಮ್ಮಕ್ಕಳ ಪರವಾಗಿ ತಾವೇ ತೀರ್ಮಾನ ಮಾಡಿದಂತಾಯಿತು. ಗ್ರಂಥಾಲಯವನ್ನು ಬೆಳೆಯುತ್ತಲೇ ಇರುವ ಜೀವಿಯೆಂದು 1931ರಷ್ಟು ಹಿಂದೆಯೇ ಕಂಡವರು ಎಸ್. ಆರ್. ರಂಗನಾಥನ್. ಮದ್ರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾಗಿದ್ದ ಅವರು ಕಡೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು, 1962ರಲ್ಲಿ ಇಲ್ಲಿಯೇ ಗ್ರಂಥಸೂಚನಾಶಾಸ್ತ್ರದ ಸಂಶೋಧನ ಕೇಂದ್ರವೊಂದನ್ನು ಸ್ಥಾಪಿಸಿದರು. ಜೀವಿ ಎತ್ತ ಬೆಳೆಯುವುದೆಂದು ಹುಟ್ಟುವಾಗ ಹೇಳಬಲ್ಲವರು ಯಾರು?

ಗಣಕದ ಬರಹಕ್ಕೂ ಬೂಷ್ಟು ಹಿಡಿಯುತ್ತದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ಕೆಲವು ವರ್ಷಗಳಿಗೊಮ್ಮೆ ಅದನ್ನು ಹೊಸ ಸಂಕೇತಕ್ಕೆ, ಹೊಸ ಯಂತ್ರಕ್ಕೆ ದಾಟಿಸಬೇಕು. ಪ್ರತಿಗಳನ್ನು ಎರಡು ಊರುಗಳಲ್ಲಿ ಇಡಬೇಕು. ಓಲೆಗರಿ ಸವೆದಾಗ ಪ್ರತಿಮಾಡಿಸುತ್ತಿದ್ದ ನಮ್ಮ ಮಠಗಳಿಗೂ ಮನೆತನಗಳಿಗೂ ಈ ಕೆಲಸ ಹೊಸದಾಗಿರಲಿಲ್ಲ. ಹಿಂದೆ ಹೇಳಿದ ವಿದ್ಯಾರ್ಥಿನಿ ಆ ಪ್ರಬಂಧದ ತನಗೆ ಬೇಕಾದ ಎರಡು ಅಧ್ಯಾಯಗಳನ್ನು ತಾನೇ ಯೂನಿಕೋಡಿಗೆ ತಂದು ಗ್ರಂಥಾಲಯಕ್ಕೂ ಒಂದು ಪ್ರತಿ ಕೊಟ್ಟಳು. ಉಳಿದ ಪ್ರಬಂಧಗಳನ್ನೂ ಹೀಗೆ ತರಿಸಬೇಕೆಂದು ನಾನು ಗ್ರಂಥಾಲಯ ಸಮಿತಿಯ ಮುಂದಿಟ್ಟೆ. ಕಟ್ಟಡಕ್ಕೆ ಬಣ್ಣ ಬಳಿಯಲು ಆಯವ್ಯಯದಲ್ಲಿ ಬಾಬ್ತು ಇತ್ತು, ಗಾಜು ಒರೆಸಲು ಇತ್ತು, ಇದಕ್ಕೆ ಇರಲಿಲ್ಲ. ಎರಡು ಸಲ ಕೇಳಿದೆ; ಎರಡು ಸಲವೂ ವಿಷಯವನ್ನು ಮುಂದಿನ ಸಭೆಗೆ ಇಟ್ಟರು.